ಅಗ್ಗದ ಬ್ರೋಕರ್, ತುಟ್ಟಿ ನೆರೆಮನೆ

ಮಸ್ಕಿಯ ಮನೆ ಮಾರಲು ಸುರೇಖಾ ಎರಡು ಪರ್ಸೆಂಟ್ ಕಮಿಷನ್ ಕೇಳುವ ಬ್ರೋಕರ್ ಬಾಬುಸಾಬನನ್ನು ಬಿಟ್ಟು ಅರ್ಧ ಪರ್ಸೆಂಟಿನ ಕನಕರಾಯನನ್ನು ಹಿಡಿದಳು. ತಾಪತ್ರಯ ಶುರುವಾದದ್ದೇ ಅಲ್ಲಿಂದ.

ಬಾಬುಸಾಬ ಗಿರಾಕಿಗಳನ್ನು ತನ್ನ ಕಾರಿನಲ್ಲೇ ಕರೆತಂದು, ಮನೆ ತೋರಿಸಿ, ಚೌಕಾಶಿ ಮಾಡಿ, ರಿಜಿಸ್ಟ್ರಿ ಮುಗಿಯುವವರೆಗೂ ಮದುಮಗಳ ಸೋದರಮಾವನಂತೆ ಓಡಾಡುವವನು. ಕನಕರಾಯ ಮೊಬೈಲಿನ ಸ್ಟೇಟಸ್ಸಿಗೆ ಒಂದು ಫೋಟೋ ಹಾಕಿ ಮಲಗಿಬಿಡುವವನು.

“ಮನಿ ನಂದು, ಬಾಯಿ ನಂದು. ಮಾರಾಕ ಇನ್ನೊಬ್ಬರ ಬಾಯಿ ಯಾಕ ಬೇಕು?” ಎಂದಳು ಗಂಡ ಭೀಮೇಶನಿಗೆ.

ಆಕೆ ಲಿಂಗಸುಗೂರಿನ ಆಸ್ಪತ್ರೆಯೊಂದರಲ್ಲಿ ನರ್ಸ್. ಅಲ್ಲೊಂದು ಮನೆ ಕೊಂಡೂ ಆಗಿತ್ತು. ಬಸ್ಸಿನ ಓಡಾಟ ತಪ್ಪುತ್ತದೆ ಎನ್ನುವುದು ಊರಿಗೆ ಹೇಳುವ ಕಾರಣ. ನಿಜವಾದ ಕಾರಣ ಪಕ್ಕದ ಮನೆಯ ಶೇಖರಮ್ಮ. ಇವಳ ಒಲೆಯ ಮೇಲೆ ಸಾರು ಕುದಿಯುವ ಮೊದಲೇ ಉಪ್ಪು ಕಡಿಮೆಯಾಗಿದೆ ಎಂದು ಗೋಡೆಯಾಚೆಯಿಂದ ಹೇಳಬಲ್ಲ ಹೆಂಗಸು. ಅವಳಿಂದ ಪಾರಾದರೆ ಸಾಕಿತ್ತು ಸುರೇಖಾಗೆ.

ಭಾನುವಾರ ಬೆಳಿಗ್ಗೆ ಬಳಗಾನೂರಿನ ರೈತರೊಬ್ಬರು ಬಂದರು. ಹಿತ್ತಲು ತೋರಿಸುತ್ತಿರುವಾಗ ಗೋಡೆಯ ಮೇಲೆ ಶೇಖರಮ್ಮನ ತಲೆ ಹುಣ್ಣಿಮೆ ಚಂದ್ರನಂತೆ ಮೂಡಿತು.

“ನಳಕ್ಕ ನೀರು ಎಂಟು ದಿನಕ್ಕೊಮ್ಮಿ ಬರ್ತಾವ. ಇವರು ಹೇಳ್ಯಾರಿಲ್ಲೋ?”

ರೈತರು ಬಸ್ಸಿಗೆ ಹೊತ್ತಾಯಿತೆಂದು ಹೊರಟರು.

ಆಮೇಲೆ ಬಂದ ಸಂತೆಕಲ್ಲೂರಿನ ಮೇಷ್ಟ್ರು ದಂಪತಿಯನ್ನು ಶೇಖರಮ್ಮ ಚಹಾಕ್ಕೆ ಕರೆದಳು. ಹೋದವರು ಅವಳ ಗೇಟಿನಿಂದಲೇ ಆಟೋ ಹತ್ತಿದರು.

ಸುರೇಖಾ ಕನಕರಾಯನಿಗೆ ಫೋನ್ ಹಚ್ಚಿದಳು.

“ಅಕ್ಕಾರ, ನಂದು ಫೋಟೋ ಹಾಕೂದಷ್ಟ ಕೆಲಸ. ಬಾಜೂದವರ ಬಾಯಿ ಮುಚ್ಚಿಸೂದು ಎರಡು ಪರ್ಸೆಂಟಿನವರ ಕೆಲಸರಿ,” ಎಂದು ಅವನು ಆಕಳಿಸಿದ.

ಭೀಮೇಶ ಗುಟ್ಟಾಗಿ ಬಾಬುಸಾಬನನ್ನು ಕರೆಸಿದ. ಸುರೇಖಾ ಗೇಟಿನಲ್ಲೇ ತಡೆದಳು.

“ಬಂದ ದಾರೀಲೆ ಹೋಗ್ರಿ. ನಾ ಇನ್ನೂ ಸೋತಿಲ್ಲ.”

“ಸೋಲಬ್ಯಾಡ ತಂಗಿ,” ಎಂದು ಅವನು ನಕ್ಕು ತಿರುಗಿದ. ಶೇಖರಮ್ಮ ಬಿಟ್ಟಾಳೆಯೇ? “ಬಾ ಬಾಬುಸಾಬ, ಚಾ ಕುಡದು ಹೋಗು,” ಎಂದು ಒಳಗೆ ಕರೆದಳು. ಮಧ್ಯಾಹ್ನ ಅವನ ಕಾರಿನಲ್ಲೇ ಕುಳಿತು ಎಲ್ಲಿಗೋ ಹೋದಳು.

ಸಿಂಧನೂರಿನ ಲಾಲ್‌ಸಾಬ್ ಮನೆ ನೋಡಲು ಬರುವುದಕ್ಕೂ ಅವಳು ವಾಪಸಾಗುವುದಕ್ಕೂ ಸರಿಹೋಯಿತು. ಗೋಡೆಯ ಮೇಲೆ ಮತ್ತೆ ತಲೆ ಮೂಡಿತು. ಸುರೇಖಾ ಸೆರಗು ಸಿಗಿಸಿ, ಸ್ಟೂಲ್ ಹತ್ತಿ, ಆ ತಲೆಗೆ ಅಡ್ಡ ನಿಂತಳು.

“ಇವತ್ತ ನಾ ಇಳಿಯಂಗಿಲ್ಲ ನೋಡ್ರಿ. ಏನು ಹೇಳೂದೈತಿ, ನನ್ನ ಮಾರಿಗೆ ಹೇಳ್ರಿ.”

ಶೇಖರಮ್ಮ ಅವಳ ತೋಳಿನ ಸಂದಿಯಿಂದ ಕತ್ತು ಚಾಚಿದಳು. “ಸಾಹೇಬ್ರ, ಇಂಥಾ ಮನಿ ಹುಡುಕಿದ್ರೂ ಸಿಗಂಗಿಲ್ಲ. ಸುಮ್ನ ತಗೋರಿ.”

ಲಾಲ್‌ಸಾಬ್ ಅಲ್ಲೇ ಮುಂಗಡ ಕೊಟ್ಟರು. ಸುರೇಖಾ ಸ್ಟೂಲಿನ ಮೇಲಿಂದಲೇ ಗಂಡನತ್ತ ನೋಡಿದಳು.

“ಗಟ್ಟಿ ನಿಂತ್ರ ಎಂಥವರೂ ಬಗ್ತಾರ, ಕಂಡ್ರಿಲ್ಲೋ.”

ದೀಪ ಹಚ್ಚುವ ಹೊತ್ತಿಗೆ ಶೇಖರಮ್ಮ ಶೇಂಗಾ ಉಂಡಿ ಹಿಡಿದು ಬಂದಳು.

“ನೀ ಹೋದ್ರ ನಾ ಯಾರ ಜೋಡಿ ಮಾತಾಡ್ಲಿ ಅಂತ ಮುಂಜಾನಿ ಬಂದವರನ್ನ ಓಡಿಸಿದ್ನೆವ್ವಾ. ಸಿಟ್ಟಾಗಬ್ಯಾಡ. ಈಗ ಆ ಚಿಂತಿ ಇಲ್ಲ. ಬಾಬುಸಾಬ ಭಾಳ ಹುಷಾರ್ ಮನಷ್ಯಾ. ನಮ್ಮ ಮನಿಗೂ ಗಿರಾಕಿ ಹಿಡದಾನ, ನಮಗೂ ಒಂದು ಮನಿ ತೋರಿಸ್ಯಾನ. ಅಲ್ಲಿ ಬಾಜೂದವರು ಎಂಥವರು ಅನ್ನೂದನ್ನೂ ವಿಚಾರಿಸಿ ಹೇಳಿದ ನೋಡು. ಭಾಳ ಛಲೋ ಮಂದಿ ಅಂತ.”

“ಎಲ್ರಿ ಅದು?” ಎಂದಳು ಸುರೇಖಾ. ಉಂಡಿ ಬಾಯಿಯ ಹತ್ತಿರ ಹೋಗಿ ನಿಂತಿತ್ತು.

“ಲಿಂಗಸುಗೂರಾಗ. ನಿನ್ನ ಹೊಸ ಮನಿ ಬಾಜೂಕ.”

ಭೀಮೇಶ ಫೋನ್ ತೆಗೆದು ಬಾಬುಸಾಬನ ನಂಬರ್ ಹುಡುಕತೊಡಗಿದ. ಸುರೇಖಾ ಅದನ್ನು ಕಸಿದುಕೊಂಡಳು.

“ಬ್ಯಾಡ. ಕನಕರಾಯಗ ಹಚ್ತೀನಿ. ಲಿಂಗಸುಗೂರು ಮನೀದೂ ಒಂದು ಫೋಟೋ ಹಾಕ್ಲಿ.”