ಅಕ್ಕಿ ಮಿಲ್ಲಿನ ಗೃಹಪ್ರವೇಶ

ನಮ್ಮ ಗೇಟಿನಲ್ಲಿ ದಿನಕ್ಕೊಂದು ಏನಾದರೂ ಆಗುತ್ತದೆ. ನಾನು ಮಾಡುವುದಲ್ಲ. ಕುರ್ಚಿ ಹಾಕಿಕೊಂಡು ಕೂತಿರುತ್ತೇನೆ, ಅದೇ ಬಂದು ಆಗುತ್ತದೆ.

ಶಿರಾಳಕೊಪ್ಪದಲ್ಲಿ ಸೊರಬದ ರಸ್ತೆಗೆ ಇರುವ ಹಳೇ ಅಕ್ಕಿ ಮಿಲ್ಲು. ಮೊದಲು ಅಲ್ಲಿ ಮೂಟೆ ಹೊರುತ್ತಿದ್ದೆ. ಬೆನ್ನು ಹೋದ ಮೇಲೆ ಗೇಟಿಗೆ ಹಾಕಿದರು. ಗೇಟಿನ ಪಕ್ಕ ಒಂದು ರೂಮು. ನಾನೂ ನನ್ನ ಹೆಂಡತಿಯೂ ಅಲ್ಲೇ ಇದ್ದೆವು. ಆಮೇಲೆ ಮಿಲ್ಲು ನಿಂತಿತು. ಹಳೇ ಸಾಹುಕಾರರು ಹೋದರು. ಅವರ ಮಗ, ಸಣ್ಣ ಸಾಹುಕಾರರು, ಮಿಲ್ಲು ಒಡೆಸಿ, ಕೆಳಗೆ ಅಂಗಡಿ, ಮೇಲೆ ಮನೆ, ಹಿಂದೆ ಪಾರ್ಕು ಅಂತ ಕಟ್ಟೋಕೆ ಹಿಡಿದರು. ಗೋಡೆ ಅರ್ಧ ಏಳುವ ಹೊತ್ತಿಗೆ ನನ್ನ ಹೆಂಡತಿಯೂ ಹೋದಳು.

ಮುತ್ತೈದೆ ಸಾವು, ಪುಣ್ಯವಂತೆ, ಅಂದರು ಬಂದವರೆಲ್ಲ. ನಾನು ಏನವಂತ ಅಂತ ಯಾರೂ ಹೇಳಲಿಲ್ಲ.

ಗಾಜಿನ ಪೆಟ್ಟಿಗೆ

ಕಟ್ಟಡದ ಕೆಲಸ ನೋಡಿಕೊಳ್ಳುವ ಇಂಜಿನಿಯರಮ್ಮ ದಾವಣಗೆರೆ ಕಡೆಯವಳು. ಸಣ್ಣ ವಯಸ್ಸು. ನನ್ನನ್ನು ಅಜ್ಜ ಅನ್ನುತ್ತಾಳೆ. ಒಂದು ದಿನ ಗಾಜಿನ ಪೆಟ್ಟಿಗೆ ತಂದಿಟ್ಟಳು. ಒಳಗೆ ಇಡೀ ಮಿಲ್ಲು ಮುಂದೆ ಹೇಗಾಗುತ್ತದೆ ಅಂತ ಮಾಡಿಟ್ಟಿದ್ದರು. ಬೆರಳುದ್ದದ ಮರ. ಬೆಂಕಿಪೊಟ್ಟಣದಂಥ ಕಾರು. ಉಗುರಿನಷ್ಟು ಮನುಷ್ಯರು.

ನಾನು ನನ್ನ ರೂಮು ಹುಡುಕಿದೆ. ಆ ಜಾಗದಲ್ಲಿ ಒಂದು ಮರ ನಿಂತಿತ್ತು.

ಕೇಳಿದೆ. ಅವಳು ದನಿ ಇಳಿಸಿ ಹೇಳಿದಳು. ಅದು ಎಂಟ್ರೆನ್ಸಂತೆ. ಮೊದಲನೇ ಮನೆಯ ಗೃಹಪ್ರವೇಶ ಆಗುವ ತನಕ ರೂಮು ಇರುತ್ತದಂತೆ. ಆಮೇಲೆ ಜೆಸಿಬಿ ಬರುತ್ತದಂತೆ.

ರೂಮಿನಲ್ಲಿ ಅಂಥಾದ್ದೇನಿಲ್ಲ. ಒಂದು ಮಂಚ, ಒಂದು ಟ್ರಂಕು, ಒಂದು ಸಣ್ಣ ಗ್ಯಾಸು. ಆಮೇಲೆ ಒಲೆ. ಮಿಲ್ಲಿನ ಒಡೆದ ಇಟ್ಟಿಗೆ ಆರಿಸಿ ತಂದು ನನ್ನ ಹೆಂಡತಿ ಕೈಯಾರೆ ಹಾಕಿದ್ದು. ಟ್ರಂಕು ಹೊತ್ತುಕೊಂಡು ಹೋಗಬಹುದು. ಒಲೆ ಹೊರೋಕಾಗಲ್ಲ. ಸೊರಬದಲ್ಲಿ ಭಾವಮೈದ ಇದ್ದಾನೆ. ಬಾ ಭಾವ, ನಮ್ಮಲ್ಲಿ ಗ್ಯಾಸಿದೆ, ಒಲೆ ಯಾಕೆ ಬೇಕು, ಅಂದ. ಒಳ್ಳೆಯವನು. ತಿಳಿಯಲ್ಲ ಅವನಿಗೆ.

ಪೆಟ್ಟಿಗೆ ನೋಡುತ್ತಾ ನಿಂತೆ. ಇದು ಶಿರಾಳಕೊಪ್ಪ ಅಲ್ಲ ಕಣವ್ವ, ಅಂದೆ. ಯಾಕಜ್ಜ ಅಂದಳು. ಎಲ್ಲರೂ ನಡೀತಾನೇ ಇದ್ದಾರೆ, ಒಬ್ಬನಾದ್ರೂ ಕೂತಿದ್ದಾನಾ ನೋಡು, ಅಂದೆ.

ಮುಂದಿನ ವಾರ ಎಲ್ಲಿಂದಲೋ ಕೂತ ಮನುಷ್ಯನೊಬ್ಬನನ್ನು ತಂದು ಗೇಟಿನ ಹತ್ತಿರ ಅಂಟಿಸಿದಳು. ಸಣ್ಣ ಸಾಹುಕಾರರು ನೋಡಿದರು. ಎಲ್ಲರೂ ಓಡಾಡ್ತಿರುವಾಗ ಇವನ್ಯಾವನು ಕೆಲಸ ಇಲ್ಲದೆ ಕೂತವನು ಅಂತ ಕೇಳಿದರು.

"ವಾಚ್‌ಮನ್ ಸರ್" ಅಂದಳು.

ಮುಟ್ಟಬೇಡಿ

ಮಿಲ್ಲಿನ ಯಂತ್ರಗಳನ್ನೆಲ್ಲ ಗುಜರಿಗೆ ಹಾಕಿದರು. ಭತ್ತದ ಸಿಪ್ಪೆ ಬಿಡಿಸುತ್ತಿದ್ದ ಹಳೇ ಹಲ್ಲರ್ ಒಂದನ್ನು ಮಾತ್ರ ಚಂದಕ್ಕೆ ಅಂತ ಉಳಿಸಿ, ಕಪ್ಪು ಬಣ್ಣ ಹೊಡೆಸಿ, ಮೆಟ್ಟಿಲ ಹತ್ತಿರ ಕಟ್ಟೆ ಮೇಲೆ ಕೂರಿಸಿದರು. ಸುತ್ತ ಹಗ್ಗ ಕಟ್ಟಿದರು. ಮುಟ್ಟಬೇಡಿ ಅಂತ ಬೋರ್ಡು ಹಾಕಿದರು. ಮೇಲೊಂದು ದೀಪ ಬೇರೆ.

ಕಟ್ಟೆ, ಕಪ್ಪು ಮೈ, ದೀಪ, ಮುಟ್ಟಬೇಡಿ. ಇನ್ನೇನು ಬೇಕು ನಮ್ಮ ಜನಕ್ಕೆ. ಮಂಗಳವಾರ ಯಾರೋ ದಾಸವಾಳ ಇಟ್ಟರು. ಶುಕ್ರವಾರಕ್ಕೆ ಕುಂಕುಮ ಬಂತು. ಟೈಲ್ಸ್ ಕೆಲಸದವರು ಚಪ್ಪಲಿ ಕೆಳಗೇ ಬಿಟ್ಟು ಮೇಲೆ ಹತ್ತೋಕೆ ಶುರು ಮಾಡಿದರು. ಇಂಜಿನಿಯರಮ್ಮ ದಿನಾ ಕುಂಕುಮ ಒರೆಸುವಳು. ಒರೆಸುವಾಗ ತಾನೂ ಒಂದು ಸಲ ಕಣ್ಣಿಗೊತ್ತಿಕೊಳ್ಳುವಳು. ನಾನು ನೋಡಿದ್ದೇನೆ.

ಸಂತೆಗೆ ಬಂದ ಮುದುಕಿಯೊಬ್ಬಳು ಒಳಗೆ ಹೋಗಿ ಕೈ ಮುಗಿದು ಬಂದು, ಯಾವ ದೇವರಪ್ಪ ಇದು ಅಂತ ನನ್ನ ಕೇಳಿದಳು. ಸುಳ್ಳು ಯಾಕೆ ಹೇಳಲಿ. ಅಕ್ಕಿ ಮಾಡೋ ಮಿಷಿನ್ನು ಕಣಜ್ಜಿ, ಅಂದೆ.

ಅವಳು ತಿರುಗಿ ಇನ್ನೊಂದು ಸಲ ಕೈ ಮುಗಿದಳು.

"ಇರ್ಲಿ ಬಿಡು. ಇಷ್ಟು ವರ್ಷ ಅನ್ನ ಕೊಟ್ಟೈತಲ್ಲ. ಉಳಿದವ್ರು ಅದೂ ಕೊಟ್ಟಿಲ್ಲ" ಅಂದಳು.

ಉಳವಿಯ ಭತ್ತ

ಮಿಲ್ಲು ಹೋದರೂ ಹೆಸರು ಇರಲಿ ಅಂತ ಸಣ್ಣ ಸಾಹುಕಾರರು ಕಟ್ಟಡಕ್ಕೂ ಮಿಲ್ಲು ಅಂತಲೇ ಹೆಸರಿಟ್ಟರು. ಲೈಟಿನ ಬೋರ್ಡು. ಸೊರಬದ ಕಡೆ ಉಳವಿಯ ರೈತನೊಬ್ಬ ಬಸ್ಸಿನಲ್ಲಿ ಹೋಗುವಾಗ ಅದನ್ನು ನೋಡಿದ್ದಾನೆ. ಮಾರನೇ ದಿನ ಟ್ರ್ಯಾಕ್ಟರಿನಲ್ಲಿ ಭತ್ತ ಹೇರಿಕೊಂಡು ಬಂದ. ಹಳೇ ಗಿರಾಕಿ. ಅವನ ಅಪ್ಪನ ಕಾಲದಿಂದ ನಮ್ಮಲ್ಲೇ ಅಕ್ಕಿ ಮಾಡಿಸುತ್ತಿದ್ದವರು.

ಇದು ಮನೆ ಮಾರಾಯ, ಅಂದೆ. ಮನೆಗೆ ಯಾರಾದ್ರೂ ಮಿಲ್ಲು ಅಂತಾರಾ, ಸುಮ್ನೆ ಗೇಟು ತೆಗಿ, ಅಂದ. ನಾನು ಫೋನಿನಲ್ಲಿ ಇಂಜಿನಿಯರಮ್ಮನನ್ನು ಕರೆಯುವಷ್ಟರಲ್ಲಿ ಅವನೇ ಗೇಟು ತಳ್ಳಿ, ಎರಡು ಮೂಟೆ ಇಳಿಸಿ, ಬಾಗಿಲು ತೆರೆದು ನಿಂತಿದ್ದ ಲಿಫ್ಟಿನೊಳಗೆ ಇಟ್ಟಾಗಿತ್ತು. ಇನ್ನೂ ತುಂಬುತ್ತಾ ಹೋದ. ಕೊನೆಗೆ ಲಿಫ್ಟು ಕೂಗೋಕೆ ಹಿಡಿಯಿತು.

ಎಷ್ಟು ತೋರಿಸ್ತದೆ ನೋಡು ಅಂದ. ಎಷ್ಟೂ ತೋರಿಸಲ್ಲ, ಜಾಸ್ತಿ ಆಯ್ತು ಅಂತ ಕೂಗ್ತಿದೆ, ಅಂದೆ.

ಅವನಿಗೆ ಬಹಳ ಸಂತೋಷ ಆಯಿತು.

"ನಿಮ್ಮ ಹಳೇ ತಕ್ಕಡಿ ಒಂದು ದಿನಾನೂ ಜಾಸ್ತಿ ಅಂದಿದ್ದಿಲ್ಲ ನೋಡು. ಇದು ಒಳ್ಳೇದು ತಂದೀರಿ."

ಇಂಜಿನಿಯರಮ್ಮ ಬಂದು ಬಿಡಿಸಿ ಹೇಳಿದ ಮೇಲೆ ನಂಬಿದ. ಮೂಟೆಗಳನ್ನೆಲ್ಲ ವಾಪಸ್ ಏರಿಸಿದೆವು. ನನ್ನ ಬೆನ್ನಿಗೆ ಹಳೇದೆಲ್ಲ ನೆನಪಾಯಿತು. ಆಮೇಲೆ ಅವನು ರೂಮಿನ ಕಡೆ ನೋಡಿ, ಅಕ್ಕ ಎಲ್ಲಿ, ಚಾ ಇಲ್ವಾ, ಅಂದ. ಅಕ್ಕಿ ಆಗುವ ತನಕ ಕಾಯುವವರಿಗೆಲ್ಲ ನನ್ನ ಹೆಂಡತಿ ಚಾ ಕೊಡುತ್ತಿದ್ದಳು. ಅವನಿಗೆ ಸುದ್ದಿ ಗೊತ್ತಿರಲಿಲ್ಲ.

ಹೇಳಿದೆ. ಅವನು ತಲೆಯ ಟವಲು ತೆಗೆದು ಮೊಣಕಾಲ ಮೇಲೆ ಇಟ್ಟುಕೊಂಡು ರೂಮಿನ ಕಟ್ಟೆ ಮೇಲೆ ಕೂತ. ನಾನು ಸಣ್ಣ ಗ್ಯಾಸಿನಲ್ಲಿ ಚಾ ಮಾಡಿ ಕೊಟ್ಟೆ. ಪೂರ್ತಿ ಕುಡಿದ.

ನಾನು ಮಾಡಿದ ಚಾ ಪೂರ್ತಿ ಕುಡಿದವನು ಇವತ್ತಿಗೂ ಅವನೊಬ್ಬನೇ. ಅಷ್ಟು ದುಃಖ ಆಗಿತ್ತು ಅವನಿಗೆ.

ದೇವರ ಮೇಲೆ ದೇವರು

ಮನೆ ನೋಡೋಕೆ ಬರುವವರು ಬಹಳ ಜನ. ಸುಮ್ಮನೆ ನೋಡಿ ಹೋಗುವವರೇ ಹೆಚ್ಚು. ಶಿಕಾರಿಪುರದಿಂದ ಬಂದ ಅಮ್ಮನೊಬ್ಬರು ಮಾತ್ರ ಗಟ್ಟಿ ಗಿರಾಕಿ. ಎರಡನೇ ಮಾಳಿಗೆಯಲ್ಲಿ ಮನೆ ತೋರಿಸಿದರು. ಎಲ್ಲ ಒಪ್ಪಿದರು. ದೇವರ ಕೋಣೆಯಲ್ಲಿ ನಿಂತು ತಲೆ ಎತ್ತಿ ನೋಡಿ, ನನ್ನ ದೇವರ ತಲೆ ಮೇಲೆ ಏನು ಬರ್ತದೆ ಅಂತ ಕೇಳಿದರು.

ಸಣ್ಣ ಸಾಹುಕಾರರು ಇದನ್ನು ಮೊದಲೇ ಯೋಚಿಸಿದ್ದರು. ಎಲ್ಲಾ ಮನೆಯೂ ಒಂದೇ ಥರ ಅಮ್ಮಾ, ದೇವರ ಕೋಣೆ ಮೇಲೆ ದೇವರ ಕೋಣೆಯೇ ಬರ್ತದೆ, ಅಂದರು.

"ಅಂದ್ರೆ ಮೇಲಿನ ಮನೆಯವ್ಳು ಪೂಜೆ ಮಾಡುವಾಗ ನನ್ನ ದೇವ್ರ ತಲೆ ಮೇಲೆ ನಿಂತಿರ್ತಾಳೆ ಅಂದಂಗಾಯ್ತು."

ಅಮ್ಮ ಮೆಟ್ಟಿಲು ಹತ್ತಿ ತುದಿಯ ಮಾಳಿಗೆಗೇ ಹೋದರು. ಮೇಲೆ ಬರೀ ಆಕಾಶ. ಇದು ಕೊಡಿ ಅಂದರು. ಆಗ ಇಂಜಿನಿಯರಮ್ಮ ತಡೆಯಲಾರದೆ, ಆದ್ರೆ ನೀವು ಪೂಜೆಗೆ ನಿಂತಾಗ ಕೆಳಗಿನವರ ದೇವರು ಅಂತ ಶುರು ಮಾಡಿದಳು.

"ಅವ್ರ ದೇವ್ರ ಚಿಂತೆ ಅವ್ರು ಮಾಡ್ಕೊಳ್ಳಲಿ" ಅಂದರು ಅಮ್ಮ.

ಹಾಲಿನ ಗುಂಡಿ

ಮೊದಲನೇ ಗೃಹಪ್ರವೇಶ ಸೊರಬದಲ್ಲಿ ಕೆಲಸ ಮಾಡಿ ರಿಟೈರಾದ ಮೇಷ್ಟರದು. ಬೆಳಿಗ್ಗೆ ಮುಹೂರ್ತ. ಜೆಸಿಬಿಗೆ ಮಾರನೇ ದಿನಕ್ಕೆ ಹೇಳಿದ್ದರು. ನಾನು ಟ್ರಂಕು ತುಂಬಿಟ್ಟಿದ್ದೆ. ಒಲೆಗೆ ಒಂದು ಸಲ ಸಗಣಿ ಸಾರಿಸಿದೆ. ನಾಳೆ ಒಡೆಯುವುದಕ್ಕೆ ಇವತ್ತು ಯಾಕೆ ಅಂದರೆ, ಗೊತ್ತಿಲ್ಲ. ಅವಳು ಹೋದ ಮೇಲೆ ಅದನ್ನು ಹಚ್ಚಿರಲಿಲ್ಲ.

ಮಾವಿನ ತೋರಣ ಕಟ್ಟೋಕೆ ನನ್ನನ್ನು ಮೇಲೆ ಕರೆದರು. ಎಲ್ಲಾ ಮನೆಗೂ ಸಾಹುಕಾರರು ಕರೆಂಟಿನ ಒಲೆ ಪುಕ್ಕಟೆ ಕೊಟ್ಟಿದ್ದರು. ಕನ್ನಡಿಯಂಥ ಒಲೆ. ಗ್ಯಾಸು, ಹೊಗೆ ಏನೂ ಇಲ್ಲ. ಭಟ್ಟರು ಮಂತ್ರ ಹೇಳಿದರು. ಮೇಷ್ಟರ ಹೆಂಡತಿ ಹೊಸ ಪಾತ್ರೆಯಲ್ಲಿ ಹಾಲಿಟ್ಟರು. ಹಾಲು ಪೂರ್ವಕ್ಕೆ ಉಕ್ಕಬೇಕು. ಉಕ್ಕಿದರೆ ಮನೆ ತುಂಬುತ್ತದೆ. ಒಲೆಯ ಮೇಲೆ ಹಾಲಿಗೇ ಅಂತ ಒಂದು ಗುಂಡಿ ಇತ್ತು. ಮೇಷ್ಟರು ಓದಿದವರು. ಓದಿಯೇ ಒತ್ತಿದರು.

ಹಾಲು ಎದ್ದಿತು. ನೆಂಟರೆಲ್ಲ ಕೈ ಜೋಡಿಸಿದರು. ಅಂಚಿಗೆ ಬಂತು. ಒಲೆ ಟುಂಯ್ ಅಂತು. ಆರಿತು. ಹಾಲು ಇಳಿದು ಸುಮ್ಮನೆ ಕೂತಿತು.

ಮತ್ತೆ ಒತ್ತಿದರು. ಮತ್ತೆ ಎದ್ದಿತು. ಮತ್ತೆ ಟುಂಯ್. ಹಾಲು ಉಕ್ಕಬಾರದು ಅಂತಲೇ ಆ ಗುಂಡಿ ಮಾಡಿದ್ದಂತೆ. ಇಂಜಿನಿಯರಮ್ಮ ಬಂದು ಹೇಳಿದಳು. ಎಷ್ಟು ಒಳ್ಳೇ ಒಲೆ ಅಂತ ಹೇಳೋಕೆ ಹೊರಟವಳು ಭಟ್ಟರ ಮುಖ ನೋಡಿ ನಿಲ್ಲಿಸಿದಳು. ಬೇರೆ ಗುಂಡಿ ಹುಡುಕುವಷ್ಟರಲ್ಲಿ ಕರೆಂಟು ಹೋಯಿತು. ಜನರೇಟರ್ ಇನ್ನೂ ಬಂದಿರಲಿಲ್ಲ. ಭಟ್ಟರು ಗಡಿಯಾರ ನೋಡಿದರು. ಇನ್ನು ಸ್ವಲ್ಪ ಹೊತ್ತಿಗೆ ರಾಹುಕಾಲ ಅಂದರು.

ಇಷ್ಟು ದೊಡ್ಡ ಕಟ್ಟಡದಲ್ಲಿ ಕಟ್ಟಿಗೆ ಒಲೆ ಒಂದಿಲ್ವೇನ್ರೀ, ಅಂದರು ಮೇಷ್ಟರ ಹೆಂಡತಿ. ದನಿ ಅಳುವ ಹಂಗಿತ್ತು.

ಸಾಹುಕಾರರು ಇಲ್ಲ ಅಂತ ಬಾಯಿ ತೆರೆದರು. ಇಂಜಿನಿಯರಮ್ಮ ಅವರಿಗಿಂತ ಮೊದಲು ಹೇಳಿದಳು.

"ಅಜ್ಜನ ರೂಮಲ್ಲಿದೆ."

ಲಿಫ್ಟು ಇಲ್ಲ. ಹಾಲಿನ ಪಾತ್ರೆ, ದೀಪ, ದೇವರ ಫೋಟೋ, ಭಟ್ಟರು, ರೇಷ್ಮೆ ಸೀರೆಗಳು, ಎಲ್ಲಾ ಮೆಟ್ಟಿಲಿಳಿದು ನನ್ನ ರೂಮಿಗೆ ಬಂದವು. ಹಿಡಿಸಿದಷ್ಟು ಜನ ಒಳಗೆ. ಉಳಿದವರು ಕಿಟಕಿಯಲ್ಲಿ. ಒಲೆ ಪೂರ್ವಕ್ಕೇ ಇತ್ತು. ಸೌದೆಯೂ ಇತ್ತು, ನನ್ನ ಹೆಂಡತಿ ಒಟ್ಟಿಟ್ಟದ್ದು. ಮೇಷ್ಟರ ಹೆಂಡತಿ ಕೂತು ಊದಿದರು. ಕಣ್ಣಲ್ಲಿ ನೀರು ಬಂತು, ಹೊಗೆಗೆ. ನನಗೂ ಹೊಗೆಗೇ. ಹಾಲು ಎದ್ದು, ತುಳುಕಿ, ಬೂದಿ ಮೇಲೆ ಹರಿದು ಚುಂಯ್ ಅಂತು. ಎಲ್ಲರೂ ಕೈ ಮುಗಿದರು.

ಭಟ್ಟರು ಬೆವರು ಒರೆಸಿಕೊಂಡು, ಹಾಲು ಎಲ್ಲಿ ಉಕ್ಕಿತೋ ಅಲ್ಲೇ ಪ್ರವೇಶ ಆಯ್ತು, ಶಾಸ್ತ್ರದ ಪ್ರಕಾರ ನಿಮ್ಮ ಮನೆ ಇದೇ, ಅಂದರು.

"ಹಾಗಾದ್ರೆ ಮೇಲಿಂದು ಏನು ಭಟ್ಟರೆ?" ಅಂದರು ಮೇಷ್ಟರು. ಸಾಲ ಮಾಡಿ ತಗೊಂಡದ್ದು.

"ಅದು ಮಲಗೋಕೆ ಇಟ್ಕೊಳ್ಳಿ."

ಸಾಹುಕಾರರು ನಗುತ್ತಾ, ಸರಿ ಹಾಗಾದ್ರೆ, ನಾಳೆ ಜೆಸಿಬಿ ಬರ್ತದೆ, ಎಲ್ಲ ಕ್ಲೀನಾಗ್ತದೆ, ಅಂದರು. ಮೇಷ್ಟರ ಹೆಂಡತಿ ಒಲೆ ಮುಂದಿನಿಂದ ಏಳಲೇ ಇಲ್ಲ. ಕೂತಲ್ಲೇ ತಿರುಗಿದರು.

"ನನ್ನ ಮನೆ ಹಾಲು ಉಕ್ಕಿದ ಒಲೆ. ಯಾರು ಒಡೀತಾರೋ ಬರಲಿ, ನೋಡ್ತೀನಿ."

ಜೆಸಿಬಿ ಬರಲಿಲ್ಲ. ಎರಡನೇ ಗೃಹಪ್ರವೇಶದವರು, ನಾವ್ಯಾಕೆ ರಿಸ್ಕ್ ತಗೊಳ್ಳೋದು ಅಂತ ನೇರ ನನ್ನ ರೂಮಿಗೇ ಹಾಲು ತಂದರು. ಮೂರನೆಯವರೂ ತಂದರು. ಈಗ ಮನೆ ನೋಡೋಕೆ ಬಂದವರಿಗೆ ಸಾಹುಕಾರರೇ ಮೊದಲು ಒಲೆ ತೋರಿಸುತ್ತಾರೆ. ಹಳೇ ಮಿಲ್ಲಿನ ಇಟ್ಟಿಗೆ, ನಾವು ಬೇಕಂತಲೇ ಉಳಿಸಿದ್ದು, ಅಂತ ಹೇಳುತ್ತಾರೆ. ನಾನು ಹೌದು ಅನ್ನುತ್ತೇನೆ. ಭಾವಮೈದನಿಗೆ ಬರಲ್ಲ ಅಂತ ಫೋನು ಮಾಡಿದೆ.

ಒಂದೇ ಕಷ್ಟ. ನನ್ನ ಹೆಂಡತಿ ಹಾಲಿಟ್ಟರೆ ಪಕ್ಕದಿಂದ ಏಳುತ್ತಿರಲಿಲ್ಲ. ಯಾರು ಕರೆದರೂ ಸೈ. ಅವಳು ಇರುವ ತನಕ ಆ ಒಲೆ ಮೇಲೆ ಒಂದು ಹನಿ ಉಕ್ಕಿಲ್ಲ. ಈಗ ವಾರಕ್ಕೊಬ್ಬರು ಬಂದು ಹರಿಯುವ ಹಾಗೆ ಉಕ್ಕಿಸಿ, ಕೈ ಮುಗಿದು, ಮೇಲೆ ಹೋಗಿ ಹೋಳಿಗೆ ತಿನ್ನುತ್ತಾರೆ. ಒರೆಸುವವನು ನಾನು. ಒರೆಸುತ್ತಾ ಪ್ರತಿ ಸಲ ಅವಳಿಗೆ ಹೇಳುತ್ತೇನೆ.

"ನಾನಲ್ಲ ಮಾರಾಯ್ತಿ. ನೀನೇ ನೋಡಿದೆಯಲ್ಲ. ಅವರೇ."