ಗುಡ್ಡ ಹತ್ತಲು ಹಾಕಿದ ಬಿಗಿ ಕಾಲಚೀಲ

“ಕುಣ್ಯಾಗ ಕುಂತು ಕುಂತು ಕಾಲು ಹಾಳ ಮಾಡ್ಕೊಂಡೀರಿ. ದಿನಾ ಗುಡ್ಡ ಹತ್ರಿ. ಅರ್ಧಕ್ಕ ತಿರಗಬ್ಯಾಡ್ರಿ.”

ನನ್ನ ಹೆಂಡತಿ ನನಗೆ ಹೇಳಿದ ಕಡೇ ಮಾತು ಇದು. ದವಾಖಾನಿ ಮಂಚದ ಮೇಲೆ ಮಲಗಿ ಹೇಳಿದಳು. ನಾನು ಥರ್ಮಾಸಿನ ಮುಚ್ಚಳ ತೆಗೆಯಲು ಬರದೆ ಒದ್ದಾಡುತ್ತಿದ್ದೆ. ಮುಖ ನೋಡದೆ ‘ಹೂಂ’ ಅಂದೆ. ಚಹಾ ತರಲು ಕೆಳಗೆ ಹೋದೆ. ಬರುವುದರೊಳಗೆ ಆಕೆ ಇರಲಿಲ್ಲ.

ಮುಖ ನೋಡದೆ ಅಂದ ಹೂಂ ಅದು. ಅದಕ್ಕೇ ನಡೆಸಿಕೊಡಬೇಕು ಅಂತ ಹಠ.

ನಾನು ಗಜೇಂದ್ರಗಡದ ನೇಕಾರ. ನಲವತ್ತು ವರ್ಷ ಕುಣಿ ಮಗ್ಗದಲ್ಲಿ, ಅಂದರೆ ನೆಲದಲ್ಲಿ ತೋಡಿದ ತಗ್ಗಿನೊಳಗೆ ಕಾಲು ಇಳಿಬಿಟ್ಟು, ಸೀರೆ ನೇಯ್ದವನು. ಕಾಲಿನ ನರ ಹಗ್ಗದ ಹಾಗೆ ಉಬ್ಬಿವೆ. ಗುಡ್ಡ ಊರಿನ ಬೆನ್ನಿಗೇ ಇದೆ. ಆಕೆ ಹೋದ ಮೇಲಿನ ಎಂಟು ತಿಂಗಳಲ್ಲಿ ಒಮ್ಮೆಯೂ ತುದಿ ಮುಟ್ಟಲಿಲ್ಲ. ಕೆಲವರಿಗೆ ಹಾದಿಯಲ್ಲಿ ಹಾವು ಸಿಗುತ್ತದೆ, ಕೆಲವರಿಗೆ ನೆಂಟರು ಸಿಗುತ್ತಾರೆ. ನನಗೆ ನಾಚಿಕೆ ಸಿಗುತ್ತದೆ. ಮನೆ ಬಿಟ್ಟರೆ ಸಾಕು.

೧. ಗಾಳಿ

ಪಕ್ಕದ ಮನೆಯವರು ರಿಟೈರಾದ ಮಾಸ್ತರರು. ಮೊಬೈಲಿನಲ್ಲಿ ನೋಡಿ ಎಲ್ಲ ತಿಳಿದವರು.

“ಕಾಕಾ, ಗುಡ್ಡ ಹತ್ತೋರೆಲ್ಲಾ ಈಗ ಕಂಪ್ರೆಷನ್ ಕಾಲಚೀಲ ಹಾಕ್ಕೋತಾರ. ಕಾಲು ಬಿಗಿ ಹಿಡಿತೈತಿ. ಚಿಗರಿ ಓಡಿದಂಗ ಓಡ್ತೀರಿ” ಅಂದರು.

ಅಲ್ಲೇ ನನ್ನ ದೋಸ್ತ ಕುಳಿತಿದ್ದ. ಪಾತ್ರೆಗೆ ಕಲಾಯಿ ಹಾಕುವ ಸಾಹೇಬ. “ಚಿಗರಿ ಏನ್ ಚೀಲ ಹಾಕ್ಕೊಂಡು ಓಡ್ತೈತೇನ್ರಿ?” ಅಂದ.

ರೋಣದ ಡಾಕ್ಟರೂ ನರಕ್ಕೆ ಅದನ್ನೇ ಹೇಳಿದ್ದರು. ಬಸ್ಸು ಹತ್ತಿ ರೋಣಕ್ಕೆ ಹೋದೆ. ಇಳಿಯುವುದರೊಳಗೆ ಆ ಶಬ್ದ ಅರ್ಧ ಮರೆತಿತ್ತು. ಸ್ಟ್ಯಾಂಡಿನಲ್ಲಿ ಒಬ್ಬನನ್ನು ಕೇಳಿದೆ: “ಕಂಪ್ರೆಸರ್ ಎಲ್ಲಿ ಸಿಗತೈತ್ರಿ?” ಆತ ಪಂಕ್ಚರ್ ಅಂಗಡಿ ತೋರಿಸಿದ.

ಪಂಕ್ಚರಿನವ ಕೇಳಿದ: “ಮುಂದಿಂದೋ ಹಿಂದಿಂದೋ?”

“ಎರಡೂ ಬಾಜೂದು. ಒಂದು ಬಲಕ್ಕ, ಒಂದು ಎಡಕ್ಕ.”

“ಗಾಡಿ ಎಲ್ಲೈತ್ರಿ?”

“ಗಾಡಿ ಯಾಕಪಾ? ಕಾಲಿಗೆ ಬೇಕು” ಅಂದು ಧೋತರ ಎತ್ತಿ ತೋರಿಸಿದೆ.

ಆತ ಬಗ್ಗಿ ನೋಡಿದ. ಟೈರು ಒತ್ತಿದ ಹಾಗೆ ಹೆಬ್ಬೆಟ್ಟಿನಿಂದ ಒತ್ತಿದ.

“ಯಜಮಾನ್ರ, ಇದಕ್ಕ ಆಗಲೇ ಜಾಸ್ತಿ ಹೊಡದಾರ. ಒಂದೀಟು ಬಿಡಸ್ಬೇಕು ನೋಡ್ರಿ.”

೨. ಪೆಟ್ಟಿಗೆ

ಕಡೆಗೆ ಔಷಧ ಅಂಗಡಿ ಸಿಕ್ಕಿತು. ಅಂಗಡಿಯವ ಟೇಪು ಹಿಡಿದು ಮೀನಖಂಡ ಅಳೆದ. “ನಿಮ್ಮ ಅಳತಿ ಹೆಂಗಸರ ಡಬ್ಬಿ ಒಳಗ ಅಷ್ಟ ಐತ್ರಿ” ಅಂದ. ಅಂಗಡಿ ತುಂಬ ಜನ. ನಾನು ಬೇಗ ಕೊಡು ಅಂದೆ.

ಪೆಟ್ಟಿಗೆಯ ಮೇಲೆ ಒಬ್ಬ ಹೆಂಗಸಿನ ಚಿತ್ರ. ಕಾಲು ಮುಂದೆ ಚಾಚಿ ನಗುತ್ತಿದ್ದಳು. ಪೆಟ್ಟಿಗೆಯನ್ನು ಕೈಚೀಲದ ತಳಕ್ಕೆ ಹಾಕಿ, ಮೇಲೆ ಮೆಂತೆ ಸಿವುಡು ಇಟ್ಟೆ.

ಬಸ್ಸು ಒಂದು ಕಡೆ ಜೋರಾಗಿ ಬ್ರೇಕ್ ಹಾಕಿತು. ಕೈಚೀಲ ಮಗುಚಿತು. ಮೆಂತೆ ನನ್ನ ಹತ್ತಿರವೇ ಉಳಿಯಿತು. ಪೆಟ್ಟಿಗೆ ಉರುಳಿ ಮುಂದೆ ಹೋಯಿತು. ಕಂಡಕ್ಟರ್ ಅದನ್ನು ಎತ್ತಿ ಹಿಡಿದ.

“ಯಾರದ್ರವ್ವಾ ಇದು?”

ಹೆಂಗಸರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ನಾನು ಕಿಟಕಿಯಾಚೆ ಜೋಳದ ಹೊಲ ನೋಡುತ್ತ ಕುಳಿತೆ. ಆತ ಒಬ್ಬೊಬ್ಬರನ್ನೇ ಕೇಳುತ್ತ ಬಂದ. ಒಬ್ಬಾಕೆ ಸಿಟ್ಟಾದಳು: “ನಾ ಅಂಥಾಕಿ ಕಂಡೀನೇನಪಾ ನಿನಗ?”

ಡ್ರೈವರ್ ಅಲ್ಲಿಂದಲೇ ಕೂಗಿದ: “ಸ್ಟ್ಯಾಂಡಿನ್ಯಾಗ ಕೊಟ್ಟಬಿಡಲೇ. ಮೈಕಿನ್ಯಾಗ ಒದರತಾರ!”

ಮೈಕು ಅಂದ ಕೂಡಲೇ ಎದ್ದೆ. ‘ನಂದು’ ಅನ್ನಲು ಬಾಯಿ ಬರಲಿಲ್ಲ. “ನಮ್ಮ ಮನ್ಯಾಕಿವು” ಅಂದೆ.

“ಮೊದ್ಲ ಹೇಳಬಾರ್ದೇನ್ರಿ? ಪಾಪ, ಅವ್ವಾರು ದಾರಿ ಕಾಯ್ತಿರತಾರ” ಅಂದು ಕೊಟ್ಟ.

ಸತ್ತವಳ ಹೆಸರು ಹೇಳಿ ಕಾಲಚೀಲ ಬಿಡಿಸಿಕೊಂಡ ಗಂಡಸು ಈ ಮೂರು ತಾಲೂಕಿನಲ್ಲಿ ನಾನೊಬ್ಬನೇ ಇರಬೇಕು. ಊರು ಬರುವ ತನಕ ಪೆಟ್ಟಿಗೆಯ ಹೆಂಗಸು ನನ್ನ ತೊಡೆಯ ಮೇಲೆ ಕುಳಿತು ನಕ್ಕಳು.

೩. ಗಂಜಿ

ನೇಕಾರನಿಗೆ ಹೊಸ ನೂಲು ಕೈಗೆ ಬಂದರೆ ಒಂದೇ ಕೆಲಸ ಗೊತ್ತು. ಗಂಜಿ ಹಾಕುವುದು. ಗಂಜಿ ಕುಡಿಯದ ನೂಲು ಮಗ್ಗದಲ್ಲಿ ಹರಿಯುತ್ತದೆ. ನಮ್ಮ ಮನೆಯಲ್ಲಿ ಆ ಕೆಲಸ ಆಕೆಯದು. ಈಗ ನಾನೇ ಮಾಡಬೇಕು.

ಕಾಲಚೀಲ ಮುಟ್ಟಿ ನೋಡಿದೆ. ಜಗ್ಗಿದರೆ ಬರುತ್ತದೆ, ಬಿಟ್ಟರೆ ಹೋಗುತ್ತದೆ. ಬಲ ಇಲ್ಲದ ನೂಲು ಅಂದುಕೊಂಡೆ. ದಪ್ಪ ಗಂಜಿ ಕಾಸಿ ಅದ್ದಿದೆ. ಆಕಾರ ಕೆಡಬಾರದು ಅಂತ ಒಳಗೆ ಬಟ್ಟೆ ತುರುಕಿ ಬಿಸಿಲಿಗೆ ಇಟ್ಟೆ. ಒಣಗಿದ ಮೇಲೆ ಬಟ್ಟೆ ತೆಗೆದು ಮಗ್ಗದ ಮೂಲೆಗೆ ನಿಲ್ಲಿಸಿದೆ. ಹೌದು, ನಿಂತವು.

ಸಾಹೇಬ ಬಾಗಿಲಿಗೆ ಬಂದವನು ಅಲ್ಲೇ ನಿಂತ.

“ದೋಸ್ತಾ, ಒಳಗ ಯಾರೋ ಬಂದಾರ. ಕಾಲು ಅಷ್ಟ ಕಾಣಾಕ್ಹತ್ತ್ಯಾವು. ಮ್ಯಾಲಿನವರು ಎಲ್ಲಿ ಹೋದ್ರು?”

ಮಾಸ್ತರರೂ ಬಂದರು. ತಲೆ ಹಿಡಿದುಕೊಂಡರು. “ಕಾಕಾ! ಹಿಗ್ಗೂದಕ್ಕ ಅಂತ ಮಾಡಿದ ಅರಬಿಗೆ ಗಂಜಿ ಕೊಟ್ರಲ್ರೀ!”

ಸಾಹೇಬ ಬೆರಳು ಮಡಚಿ ಚೀಲದ ಮೇಲೆ ಬಡಿದು ನೋಡಿದ. ಕಸಬು ಬಿಡುವುದಿಲ್ಲ ನೋಡಿ.

“ಛಲೋ ಐತಿ. ಒಳಗೊಂದು ಕಲಾಯಿ ಎಳದ್ರ ನೀರು ತುಂಬಬಹುದು.”

೪. ಎಳೆದಾಟ

ಮೂರು ನೀರಿನಲ್ಲಿ ತೊಳೆದು ಗಂಜಿ ಬಿಡಿಸಿದೆ. ಸೋಮವಾರ ಮುಂಜಾನೆ ಮೂವರೂ ಗುಡ್ಡಕ್ಕೆ ಹೊರಟೆವು. ಯಾರಿಗೂ ಕಾಣದ ಹಾಗೆ ಚೀಲದ ಮೇಲೆ ಧೋತರ ಇಳಿಬಿಟ್ಟಿದ್ದೆ.

ಒಂದಿಷ್ಟು ಮೆಟ್ಟಿಲು ಏರಿದ ಮೇಲೆ ಮಾಸ್ತರರು ಕೇಳಿದರು: “ಹ್ಯಾಂಗ ಅನಸ್ತೈತ್ರಿ?”

“ಯಾರೋ ಕಾಲು ಹಿಡಕೊಂಡಂಗ ಐತಿ.”

ಸಾಹೇಬ ಕೇಳಿದ: “ಹಿಡಕೊಂಡೋರು ಮುಂದ ದೂಕ್ತಾರೋ, ಹಿಂದ ಜಗ್ತಾರೋ?”

ಖರೇ ಹೇಳಬೇಕಂದರೆ ಎರಡೂ ಇಲ್ಲ. ದಮ್ಮು ಮೊದಲಿನಷ್ಟೇ ಹತ್ತಿತು. ಅರ್ಧ ದಾರಿಗೆ ಬರುವಾಗ ಚೀಲದ ಮೇಲಂಚು ಮಡಚಿ ಮಡಚಿ ಮೊಣಕಾಲ ಕೆಳಗೆ ಹುರಿ ಕಟ್ಟಿದ ಹಾಗೆ ಆಗಿತ್ತು. ಪಾದ ಜೋಮು ಹಿಡಿಯಿತು. ಹೆಜ್ಜೆ ಎತ್ತಲು ಆಗಲಿಲ್ಲ. ಕುಳಿತೆ.

“ತಗದುಬಿಡೂಣು” ಅಂದರು ಮಾಸ್ತರರು. ಅವರು ಬಲಗಾಲು ಹಿಡಿದರು, ಸಾಹೇಬ ಎಡಗಾಲು. ನಾನು ಹಿಂದಿನ ಕಲ್ಲು ಗಟ್ಟಿಯಾಗಿ ಅಪ್ಪಿಕೊಂಡೆ. ಇಬ್ಬರೂ ಬೆರಳ ಕಡೆಯಿಂದ ಜಗ್ಗಿದರು. ಚೀಲ ಬರಲಿಲ್ಲ. ಧೋತರ ಬಂತು.

ಆಗಲೇ ಮೇಲಿನ ಗುಡಿಯಿಂದ ಪಕ್ಕದ ಹಳ್ಳಿ ಲಕ್ಕಲಕಟ್ಟಿಯ ಹೆಂಗಸರು ಇಳಿದು ಬರಬೇಕೇ? ಮುಂದೆ ಒಬ್ಬ ಮುದುಕಿ. ಕೋಲು ಎತ್ತಿ ಒದರಿದಳು:

“ಏ, ಏ! ಆ ಮುದುಕನ್ನ ಯಾಕ ಹರ್ಯಾಕ್ಹತ್ತೀರಿ? ಇಬ್ರೂ ಪಾಲ ಮಾಡ್ಕೋತೀರೇನು?”

“ಚೀಲ ಬರವಲ್ದವ್ವಾ” ಅಂದರು ಮಾಸ್ತರರು.

ಮುದುಕಿ ಬಗ್ಗಿ ನೋಡಿದಳು. “ಅಯ್ಯ, ಇಂಥಾವು ದವಾಖಾನ್ಯಾಗ ನನಗೂ ಕೊಟ್ಟಾರ. ಹಾಕಿ ಕಳಿಸಿದಾಕೀನ್ನ ಕರಕೊಂಡು ಬರ್ರಿ. ತಗ್ಯೂದು ಅಕಿಗೇ ಗೊತ್ತಿರತೈತಿ.”

ಇಬ್ಬರೂ ನನ್ನ ಕಾಲು ಬಿಟ್ಟರು. ಸಾಹೇಬ ನೆಲ ನೋಡಿದ.

ನನಗೆ ನಗು ಬಂತು. ಎಂಟು ತಿಂಗಳಲ್ಲಿ ಬಾರದ್ದು. ಧೋತರ ಇಲ್ಲದೆ ಕಲ್ಲು ಅಪ್ಪಿಕೊಂಡು ನಕ್ಕೆ. ಕಣ್ಣಲ್ಲಿ ನೀರು ಬಂತು, ಆದರೂ ನಗು ನಿಲ್ಲಲಿಲ್ಲ. “ಅಕಿ ಇಲ್ಲವ್ವಾ. ತೀರಕೊಂಡಳು” ಅಂದೆ. ಅದನ್ನೂ ನಗುತ್ತಲೇ ಅಂದೆ. ಪಂಕ್ಚರ್ ಅಂಗಡಿ, ಬಸ್ಸು ಎಲ್ಲ ಬಿಡಿ. ಜನರ ಮುಂದೆ ಹಾಗೆ ನಕ್ಕದ್ದಕ್ಕೆ ಆದಷ್ಟು ನಾಚಿಕೆ ನನಗೆ ಎಂದೂ ಆಗಿಲ್ಲ.

ಮುದುಕಿ ಅಯ್ಯೋ ಅನ್ನಲಿಲ್ಲ. ಧೋತರ ನನ್ನ ಮೇಲೆ ಒಗೆದಳು. ಮೆಟ್ಟಿಲ ಮೇಲೆ ಕುಳಿತು ನನ್ನ ಪಾದ ತನ್ನ ಮಡಿಲಿಗೆ ಎಳೆದುಕೊಂಡಳು. ಮೇಲಂಚು ಹಿಡಿದು ಒಳಗು ಹೊರಗೆ ಮಾಡುತ್ತ ಇಳಿಸಿದಳು. ಗೊಂಜಾಳದ ತೆನೆಯ ಸಿಪ್ಪೆ ಸುಲಿದ ಹಾಗೆ ಬಂತು.

“ಮುಂಜಾನೆ ಕಾಲು ನೆಲಕ್ಕ ಇಡೂಕಿಂತ ಮೊದ್ಲ ಹಾಕ್ಕೋಬೇಕು. ಮಡಚಿದ್ರ ಆಗಿಂದಾಗ ಬಿಡಸ್ಬೇಕು. ನೀ ಧೋತರದಾಗ ಮುಚ್ಚಿಟ್ರ ಮಡಚಿದ್ದು ಹ್ಯಾಂಗ ಕಾಣ್ತೈತಿ? ಕಳವು ಮಾಡಿ ತಂದೀಯೇನು?”

“ಇದರಿಂದ ಏರಾಕ ಶಕ್ತಿ ಬರತೈತೇನವ್ವಾ?” ಅಂತ ಕೇಳಿದೆ.

“ಶಕ್ತಿ ಎಲ್ಲೀದಪಾ? ಸಂಜಿಗೆ ಕಾಲಿಗೆ ಬಾವು ಬರೂದು ಕಡಿಮಿ, ಅಷ್ಟ. ಏರಾಂವ ನೀನ.”

ಅವತ್ತೂ ಅರ್ಧಕ್ಕೇ ತಿರುಗಿದೆ.

ಮರುದಿನ ಮುಂಜಾನೆ ಹಾಸಿಗೆಯಲ್ಲೇ ಕುಳಿತು ಚೀಲ ಏರಿಸಿದೆ. ಧೋತರ ಗೂಟದಲ್ಲೇ ಬಿಟ್ಟು ನೀಲಿ ಚಡ್ಡಿ ಹಾಕಿದೆ. ಬಾಜಾರದ ನಡುವೆಯೇ ಹಾದು ಹೋದೆ. ಎಲ್ಲರೂ ನೋಡಿದರು. ಚೀಲ ಮಡಚಿದಲ್ಲೆಲ್ಲ ಕುಳಿತು ಬಿಡಿಸಿದೆ, ಎದ್ದೆ, ಮತ್ತೆ ಕುಳಿತೆ, ಮತ್ತೆ ಎದ್ದೆ. ತುದಿ ಮುಟ್ಟಿದೆ.