ಲ್ಯಾಂಡ್‌ಲೈನಿಗೆ ಏಳು ದಿನದ ಪರೀಕ್ಷೆ

ಕಚೇರಿಯಲ್ಲಿ ಸೂಪರಿಂಟೆಂಡೆಂಟರಿಗೆ ಕತ್ತರಿ ಸಾಹೇಬರು ಎಂದೇ ಹೆಸರು. ಯಾವ ಖರ್ಚು ಅವರ ಮೇಜಿಗೆ ಬಂದರೂ ಮೂಗನ್ನೋ ಕಿವಿಯನ್ನೋ ಕಳೆದುಕೊಳ್ಳದೆ ಮುಂದೆ ಹೋಗುತ್ತಿರಲಿಲ್ಲ. ಕಾಗದದ ಗುಂಡುಪಿನ್ನುಗಳನ್ನು ಸಂಜೆ ಎಣಿಸಿ ವಾಪಸು ಕೊಡಬೇಕೆಂದು ಸುತ್ತೋಲೆ ಹೊರಡಿಸಿದ ಮಹಾನುಭಾವರು! ಅಂಥವರ ಕಣ್ಣು ಒಂದು ಭಾನುವಾರ ಬೆಳಿಗ್ಗೆ ಸ್ವಂತ ಮನೆಯ ಲ್ಯಾಂಡ್‌ಲೈನ್ ಫೋನಿನ ಮೇಲೆ ಬಿತ್ತು. ಪಾಪ, ಅದು ಮೂಲೆಯ ಸ್ಟೂಲಿನ ಮೇಲೆ ತನ್ನ ಪಾಡಿಗೆ ತಾನು ಕೂತಿತ್ತು.

"ತಿಂಗಳು ತಿಂಗಳು ಬಿಲ್ ಕಟ್ತೀವಲ್ಲ, ಇದು ನಮಗೆ ಬೇಕಾ?"

ಹೆಂಡತಿ ಹೊಲಿಗೆ ಮೆಷಿನ್ನಿನ ಮುಂದಿದ್ದರು. ಊರಿನ ಅರ್ಧ ಜನ ತೊಡುವುದು ಅವರು ಹೊಲಿದದ್ದನ್ನೇ. ಬಾಯಲ್ಲಿ ಕಚ್ಚಿಕೊಂಡಿದ್ದ ಪಿನ್ನುಗಳ ಸಂದಿನಿಂದಲೇ, "ಬೇಕು," ಎಂದರು.

"ಬರೀ ಬಾಯಿಮಾತು ಸಾಲದು ಕಣೇ. ಪರೀಕ್ಷೆ ಆಗ್ಬೇಕು! ನಾಳೆಯಿಂದ ಒಂದು ವಾರ ರಜ ಹಾಕಿ ಇದರ ಪಕ್ಕದಲ್ಲೇ ಕೂರ್ತೀನಿ. ಹತ್ತು ಫೋನ್ ಬರಲಿಲ್ಲ ಅಂದ್ರೆ ಕಟ್!"

"ನೀವು ಕೂತ್ರೆ ಪರೀಕ್ಷೆನೇ ಕೆಟ್ಟುಹೋಗುತ್ತೆ ರೀ. ಯಾಕಂದ್ರೆ..."

"ಶ್! ಫಲಿತಾಂಶ ಬರೋತನಕ ಯಾರೂ ಬಾಯಿ ಹಾಕಬಾರದು."

ಹೆಂಡತಿ ಪಿನ್ನುಗಳ ಮೇಲೆ ತುಟಿ ಬಿಗಿದರು. ಅವರು ಹೇಳಹೊರಟದ್ದು ಇಷ್ಟೇ: ಸಾಹೇಬರು ಮನೆಯಲ್ಲಿದ್ದಾಗ ಫೋನೆತ್ತಿದರೆ, "ಯಾರು? ಯಾಕೆ? ಎಷ್ಟು ಹೊತ್ತು ಮಾತಾಡ್ತೀರಿ?" ಎಂದು ಪೊಲೀಸ್ ತನಿಖೆ. ಹಾಗಾಗಿ ಅವರು ರಜದಲ್ಲಿದ್ದಾರೆಂದು ತಿಳಿದರೆ ಸಾಕು, ಹೊಲಿಗೆಗೆ ಕೊಡುವ ಗಿರಾಕಿಗಳು ಫೋನಿನ ಹತ್ತಿರವೂ ಸುಳಿಯುತ್ತಿರಲಿಲ್ಲ. ಈ ಸುದ್ದಿಯೋ, ಸೋಮವಾರ ಮಧ್ಯಾಹ್ನದೊಳಗೆ ಬೀದಿಯನ್ನೆಲ್ಲ ಸುತ್ತಿ ಬಂದಿತ್ತು.

ಸಾಹೇಬರು ಪೆನ್ಸಿಲ್ ಚೂಪು ಮಾಡಿಕೊಂಡು ಕೂತರು. ಮಂಗಳವಾರ ಒಂದು ರಾಂಗ್ ನಂಬರ್. ಗುರುವಾರ ಒಂದು ಹೆಣ್ಣುದನಿ "ಹಲೋ" ಎಂದಿತು, ಇವರ ದನಿ ಕೇಳಿದ್ದೇ "ಅಯ್ಯೋ!" ಎಂದು ಇಟ್ಟುಬಿಟ್ಟಿತು. ಅದನ್ನೂ ರಾಂಗ್ ನಂಬರ್ ಎಂದೇ ಬರೆದುಕೊಂಡರು. ಶನಿವಾರ ಫೋನೇ ಸತ್ತಿದೆಯೇನೋ ಎಂದು ಅನುಮಾನ ಬಂದು ಎತ್ತಿ ಕಿವಿಗಿಟ್ಟುಕೊಂಡರೆ, ಚೆನ್ನಾಗಿಯೇ ಕುಂಯ್ಗುಟ್ಟಿತು.

"ಏಳು ದಿನಕ್ಕೆ ಎರಡೇ ಫೋನು, ಎರಡೂ ದಂಡ!" ಎಂದು ಭಾನುವಾರ ತೀರ್ಪು ಹೊರಬಿತ್ತು.

"ಹಾಗಾದ್ರೆ ಕಟ್ ಮಾಡಿಸಿ," ಎಂದರು ಹೆಂಡತಿ, ತಣ್ಣಗೆ. ಇಪ್ಪತ್ತು ವರ್ಷ ಸಂಸಾರ ಮಾಡಿದ ಗಂಡಸು ಆ ದನಿಗೆ ಬೆವರಬೇಕಿತ್ತು. ಇವರು ಬೀಗಿದರು.

ಫೋನು ಹೋದ ನಾಲ್ಕನೇ ದಿನ ಸಂಗೀತ ಶಾಲೆಯ ಮೇಡಂ ಏದುಸಿರು ಬಿಡುತ್ತಾ ಬಂದರು. ಮಕ್ಕಳ ಮೇಳಕ್ಕೆ ನಲವತ್ತು ಕೋಟುಗಳನ್ನು ಹೊಲಿಯಲು ಕೊಟ್ಟಿದ್ದವರು ಅವರೇ.

"ಎಷ್ಟು ಸಲ ಫೋನ್ ಮಾಡೋದ್ರೀ? ಅಂಗಡಿ ಮುಚ್ಚಿದ್ರೇನೋ ಅಂತ ಬೇರೆ ಟೈಲರ್ ಹುಡುಕ್ತಿದ್ದೆ!"

ಹೆಂಡತಿ ಹೊಲಿಗೆ ನಿಲ್ಲಿಸಿ ಎದ್ದರು. ನಲವತ್ತು ಕೋಟು ಕೈತಪ್ಪುವುದೆಂದರೆ ತಿಂಗಳುಗಟ್ಟಲೆ ದುಡಿಮೆ ಕೈತಪ್ಪಿದಂತೆ. ಹೇಗೋ ಮೇಡಂಗೆ ಸಮಾಧಾನ ಹೇಳಿ ಕಳಿಸಿ, ಗೇಟಿಗೆ ಒಂದು ಚೀಟಿ ಅಂಟಿಸಿದರು: ಹೊಲಿಗೆ ವಿಚಾರಕ್ಕೆ ಈ ನಂಬರಿಗೆ ಫೋನ್ ಮಾಡಿ. ಕೆಳಗಿದ್ದದ್ದು ಸಾಹೇಬರ ಮೊಬೈಲ್ ನಂಬರ್!

ಮರುದಿನ ಬೆಳಿಗ್ಗೆ ಕಚೇರಿಯಲ್ಲಿ ನಿರ್ದೇಶಕರ ಸಭೆ. ವೆಚ್ಚ ಕಡಿತದ ಬಗ್ಗೆ ಸಾಹೇಬರದೇ ಭಾಷಣ. ಜೇಬಿನಲ್ಲಿ ಮೊಬೈಲ್ ಒಂದೇ ಸಮನೆ ಅರಚಿತು. ಎತ್ತಿದರು.

"ಬರ್ಕೊಳ್ಳಿ, ಸೊಂಟ ಮೂವತ್ತೆಂಟು," ಎಂದಿತು ಅತ್ತಲಿನ ದನಿ, ಇಡೀ ಸಭೆಗೆ ಕೇಳುವಂತೆ.

"ನಾನು ಸೂಪರಿಂಟೆಂಡೆಂಟ್ ಮಾತಾಡ್ತಿರೋದು!"

"ಯಾರಾದ್ರೇನಪ್ಪ, ಮೊದಲು ಬರ್ಕೋ. ಹೋದ್ಸಲ ಬಿಗಿಯಾಗಿ ಉಸಿರೇ ಕಟ್ಟಿತ್ತು."

ಬರೆದುಕೊಂಡರು. ವಿಧಿಯಿಲ್ಲ! ಸಂಜೆಯೊಳಗೆ ಕಡತದ ಅಂಚಿನಲ್ಲಿ ಆರು ಸೊಂಟ, ನಾಲ್ಕು ತೋಳು ಸೇರಿದ್ದವು. ನಿರ್ದೇಶಕರು ಅದರ ಮೇಲೆ ಬೆರಳಿಟ್ಟು, "ಇದರಲ್ಲಿ ಎಷ್ಟು ಕಡಿತ ಮಾಡ್ತೀರಿ?" ಎಂದು ಕೇಳಿದಾಗ ಭೂಮಿ ಬಾಯಿ ಬಿಡಬಾರದೇ ಎನಿಸಿತು.

ಮನೆಗೆ ಬಂದವರೇ ಕೂಗಾಡಿದರು. "ನಾಳೆನೇ ನಿನಗೊಂದು ಮೊಬೈಲ್ ತಂದ್ಕೊಡ್ತೀನಿ!"

"ತನ್ನಿ. ಆಮೇಲೆ ಇಪ್ಪತ್ತು ವರ್ಷದಿಂದ ಒಂದೊಂದು ಕಾಲರಿನೊಳಗೂ ಮನೆ ನಂಬರ್ ಹೊಲ್ದಿದೀನಲ್ಲ, ಮನೆಮನೆಗೂ ಹೋಗಿ ಅದನ್ನೆಲ್ಲ ಬಿಚ್ಚಿ ಹೊಸ ನಂಬರ್ ಹಾಕ್ಬನ್ನಿ. ಕತ್ತರಿ ಬೇಕಾದ್ರೆ ನಾನೇ ಕೊಡ್ತೀನಿ."

ಸಾಹೇಬರಿಗೆ ತಪ್ಪಾಯಿತು ಎನ್ನಬೇಕೆನಿಸಿತು. ಅಭ್ಯಾಸವಿಲ್ಲದ ಮಾತು, "ಹಳೇ ನಂಬರನ್ನೇ ತರ್ತೀನಿ" ಎಂದು ಹೊರಬಂತು.

ಮರುದಿನ ಟೆಲಿಫೋನ್ ಕಚೇರಿಯ ಕಿಟಕಿಯ ಮುಂದೆ ನೆನೆದ ಬೆಕ್ಕಿನಂತೆ ನಿಂತರು. "ಅದೇ ಹಳೇ ನಂಬರ್ ವಾಪಸ್ ಬೇಕಿತ್ತು ಮೇಡಂ."

"ನಂಬರ್ ಹೇಳಿ," ಎಂದರು ಒಳಗಿದ್ದ ಗುಮಾಸ್ತೆ.

ಸಾಹೇಬರು ತಬ್ಬಿಬ್ಬಾದರು. ಆ ಫೋನನ್ನು ಏಳು ದಿನ ಕಾದಿದ್ದರು, ನಂಬರ್ ಮಾತ್ರ ನೆನಪಿಲ್ಲ! ಕೊನೆಗೆ ಹೊಳೆಯಿತು. ಕಿಟಕಿಗೆ ಬೆನ್ನು ತಿರುಗಿಸಿ, ಮೊಣಕಾಲು ಮಡಿಸಿ ಬಗ್ಗಿ, ಹೆಂಡತಿಯೇ ಹೊಲಿದ ಅಂಗಿಯ ಕಾಲರ್ ಮಗುಚಿ ಹಿಡಿದರು. "ಇಲ್ಲಿದೆ, ಸ್ವಲ್ಪ ನೋಡಿ ಬರ್ಕೊಳ್ಳಿ."

ಗುಮಾಸ್ತೆ ಮೊದಲ ಮೂರು ಅಂಕಿ ಓದಿದರು. ಉಳಿದದ್ದನ್ನು ನೋಡದೆಯೇ ಬಾಯಿಪಾಠ ಒಪ್ಪಿಸಿದರು.

"ಅಯ್ಯೋ, ಇದು ನಮ್ಮ ಟೈಲರಮ್ಮನ ನಂಬರ್! ಮೇಳಕ್ಕೆ ಸೇರಿರೋ ನನ್ನ ಮಗಳ ಕೋಟು ಅವರ ಹತ್ರಾನೇ ಇದೆ. ಫೋನ್ ಮಾಡಿ ಮಾಡಿ ಬೆರಳು ಸವೀತು! ಇದನ್ನ ಕಟ್ ಮಾಡಿಸಿದ ಪುಣ್ಯಾತ್ಮ ಯಾರು, ಕೈಗೆ ಸಿಗಲಿ ಒಂದ್ಸಲ!"

ಸಾಹೇಬರು ಬಗ್ಗಿದವರು ಬಗ್ಗಿಯೇ ಇದ್ದರು.

"ಸಾಕು ಸಾರ್, ಈ ಕಡೆ ತಿರುಗಿ. ಅರ್ಜಿದಾರರು ಯಾರು ಅಂತ ಬರೀಬೇಕು. ಹೆಸರು, ಹುದ್ದೆ?"

ಸಾಹೇಬರು ತಿರುಗುವ ಧೈರ್ಯ ಮಾಡಲಿಲ್ಲ. ಎದುರಿನ ಗೋಡೆಗೆ ಹೇಳಿದರು:

"ಟೈಲರಮ್ಮನ ಗಂಡ ಅಂತ ಬರ್ಕೊಳ್ಳಿ. ಸದ್ಯಕ್ಕೆ ಅದೊಂದೇ ಹುದ್ದೆ."